ಎರಡು ಅಂಗುಲದ ಜಗಳ

ಕೋವಿಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹಳೆಯ ನಂಬಿಕೆ ಇದೆ. ನಳಿಗೆ ಉದ್ದವಿದ್ದಷ್ಟೂ ಈಡು ಬಲವಾಗಿ ಬೀಳುತ್ತದೆ, ದೂರಕ್ಕೂ ಹೋಗುತ್ತದೆ ಎಂದು. ಮಾಗಡಿ, ಕನಕಪುರದ ಕಾಡಂಚಿನಲ್ಲಿ ಬೆಳೆ ಕಾಯಲೆಂದು ಲೈಸೆನ್ಸಿನ ಮೇಲೆ ಇಟ್ಟುಕೊಳ್ಳುವ ಕೇಪಿನ ಕೋವಿಯನ್ನು ಒಮ್ಮೆ ಕಣ್ಣೆದುರಿಗೆ ತಂದುಕೊಂಡರೆ ಈ ನಂಬಿಕೆಯ ಬೇರು ತಿಳಿಯುತ್ತದೆ. ಬಾಯಿಯಿಂದ ಕರಿಮದ್ದು ಸುರಿದು, ಗಜದಿಂದ ಜಡಿದು, ಮೇಲೆ ಚರೆ ತುಂಬುವ ಆಯುಧ ಅದು. ಮದ್ದು ಬಡವಾದದ್ದು, ಅಳತೆ ಕೈಯಂದಾಜಿನದು. ಹಾಗಿರುವಾಗ ಉರಿಯುವುದಕ್ಕೂ ತಳ್ಳುವುದಕ್ಕೂ ಒಂದಿಷ್ಟು ಜಾಗ ಇರಲಿ ಎಂದು ಉದ್ದನೆಯ ನಳಿಗೆ ಇಟ್ಟರೆ ಅದರಲ್ಲಿ ಲೆಕ್ಕವಿದೆ. ನಂಬಿಕೆ ಸುಳ್ಳಲ್ಲ, ಅದು ಒಂದು ಕಾಲದ ಮತ್ತು ಒಂದು ಬಗೆಯ ಮದ್ದಿನ ಸತ್ಯ. ತೊಂದರೆ ಬಂದದ್ದು ಅದೇ ಮಾತನ್ನು ಹಿತ್ತಾಳೆ ತೋಟಾದ, ಹೊಗೆಯಿಲ್ಲದ ಮದ್ದಿನ, ಆನೆ ಕಾಟಿಗಳಿಗೆಂದೇ ಹುಟ್ಟಿದ ದೊಡ್ಡ ಬೋರಿನ ರೈಫಲ್ಲಿಗೂ ಹಚ್ಚಿದಾಗ. ಆ ಜಾತಿಯ ರೈಫಲ್ಲಿಗೆ ನಳಿಗೆ ಆರಿಸುವವನು ಕೇಳಬೇಕಾದ ಮೊದಲ ಪ್ರಶ್ನೆ ಗುಂಡಿನ ವೇಗ ಎಷ್ಟು ಎಂಬುದಲ್ಲ, ತೂಕ ಎಲ್ಲಿ ಕೂರುತ್ತದೆ ಎಂಬುದು. ಉದ್ದವೂ ಮೈಕಟ್ಟೂ ಆ ಒಂದು ಪ್ರಶ್ನೆಗೆ ಉತ್ತರವಾಗಿ ಬರಬೇಕು.

ಬೇಟೆಯೇ ಅಪರಾಧವಾದ ನಾಡಿನಲ್ಲಿ ಬೇಟೆ ರೈಫಲ್ಲಿನ ನಳಿಗೆಯ ಚರ್ಚೆ ಯಾಕೆ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಆಕ್ಷೇಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಲೈಸೆನ್ಸಿನ ಬೇಟೆಗೆ ಅಲ್ಲಲ್ಲಿ ಕಿಂಡಿ ಉಳಿದಿತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಸಂಗಮ, ಮೇಕೆದಾಟಿನ ಸುತ್ತಲ ಕಾಡು 1987ರಿಂದ ಕಾವೇರಿ ವನ್ಯಧಾಮ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳದ್ದು. ಅಲ್ಲಿ ಈಗ ಶಿಕಾರಿಗೆ ಹೋಗುವವನು ಶಿಕಾರಿಯಲ್ಲ, ಕಳ್ಳ. ಆ ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು, ಅದನ್ನು ತೆರೆಯಿರಿ ಎಂಬ ಮಾತು ಈ ಬರಹದಲ್ಲಿ ಎಲ್ಲಿಯೂ ಇಲ್ಲ. ಆದರೆ ಕನ್ನಡದ ಓದುಗ ಶಿಕಾರಿ ಕತೆಗಳನ್ನು ಬಿಟ್ಟಿಲ್ಲವಲ್ಲ. ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದದ್ದನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅದರಲ್ಲೊಂದು ಪುಸ್ತಕದ ಹೆಸರೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಮಾಗಡಿಯನ್ನು ಕೆಂಪೇಗೌಡರಿಂದ ತಿಳಿದವರಷ್ಟೇ ಮಂದಿ ಆ ಚಿರತೆಯಿಂದಲೂ ತಿಳಿದಿದ್ದಾರು. ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಓದುವಾಗ ನಮಗೆ ಚಿರತೆ ಕಾಣುತ್ತದೆ, ಬಂಡೆ ಕಾಣುತ್ತದೆ, ಮುನಿಶಾಮಿಯಂತೂ ಕಣ್ಣಿಗೆ ಕಟ್ಟುತ್ತಾನೆ. ರೈಫಲ್ಲು ಮಾತ್ರ ಢಂ ಎನ್ನುವ ಒಂದು ಕೋಲಾಗಿ ಉಳಿದುಬಿಡುತ್ತದೆ. ಅದು ಯಾಕೆ ಆ ಉದ್ದ, ಆ ದಪ್ಪ ಇತ್ತು ಎಂದು ತಿಳಿಯುವುದು ಕಾಡಿಗೆ ದ್ರೋಹವೇನಲ್ಲ. ಇನ್ನೊಂದು ಮಾತೂ ಇದೆ. ಕಾರ್ಬೆಟ್ ಆಗಲಿ ಆಂಡರ್ಸನ್ ಆಗಲಿ ನರಭಕ್ಷಕಗಳ ಬಗ್ಗೆ ಬರೆಯುವಾಗ ಮತ್ತೆ ಮತ್ತೆ ಬರುವ ಸಂಗತಿ ಹಳೆಯ ಗಾಯದ್ದು: ಯಾರೋ ಕೆಟ್ಟ ಆಯುಧದಿಂದ ಕೆಟ್ಟದಾಗಿ ಹೊಡೆದು, ಕುಂಟುಮಾಡಿ ಬಿಟ್ಟ ಪ್ರಾಣಿ ಕೊನೆಗೆ ಮನುಷ್ಯನ ಕಡೆ ತಿರುಗುತ್ತದೆ. ಆಯುಧ ಕೈಗೆ ಸರಿಯಾಗಿ ಕೂತಿತ್ತೇ ಇಲ್ಲವೇ ಎಂಬುದು ಪ್ರಾಣಿಗೂ ಸಂಬಂಧಪಟ್ಟ ವಿಚಾರ.

ದೊಡ್ಡ ಬೋರು ಎಂದರೆ ಎಷ್ಟು ದೊಡ್ಡದು ಎಂಬುದೂ ಕಾಲಕ್ಕೆ ತಕ್ಕಂತೆ ಕುಗ್ಗುತ್ತ ಬಂದ ಲೆಕ್ಕ. ಮೈಸೂರು ಸರ್ಕಾರದ ಆನೆ ಹಿಡಿಯುವ ಕೆಲಸ ನೋಡಿಕೊಳ್ಳುತ್ತಿದ್ದ, 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಬಳಿ ನಾಲ್ಕು ಬೋರಿನ ಕೋವಿ ಇತ್ತು. ನಾಲ್ಕು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು, ಒಂದೊಂದೂ ಸುಮಾರು 113 ಗ್ರಾಂ. ಅವನ ಜೋಡುನಳಿಗೆಯ ತೂಕ ಎಂಟು ಕಿಲೋ ದಾಟುತ್ತಿತ್ತು. ಅದನ್ನು ಹೊತ್ತು ಆನೆಯ ಹಿಂದೆ ನಡೆದ ಮೇಲೆ ಹೆಗಲಿಗೆ ಏರಿಸಲು ಉಸಿರು ಎಷ್ಟು ಉಳಿದಿರುತ್ತಿತ್ತೋ. 1898ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿ ಕಾರ್ಡೈಟ್ ಮದ್ದಿನ .450 ನೈಟ್ರೋ ಎಕ್ಸ್‌ಪ್ರೆಸ್ ತಂದಾಗ ಈ ಫಿರಂಗಿಗಳ ಕಾಲ ಮುಗಿಯಿತು. 480 ಗ್ರೇನ್ ಗುಂಡು, ಎಂದರೆ ಸುಮಾರು 31 ಗ್ರಾಂ. ಸ್ಯಾಂಡರ್ಸನ್ನನ ಗುಂಡಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಆದರೂ ಕೆಲಸ ಅದಕ್ಕಿಂತ ಚೆನ್ನಾಗಿ ಮಾಡಿತು. ಆಮೇಲೆ ಬಂತು ನಮ್ಮ ದೇಶದ್ದೇ ಒಂದು ತಮಾಷೆ. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನದೂ .450 ಬೋರು. ಆ ಅಳತೆಯ ಗುಂಡು ದಂಗೆಕೋರರ ಕೈಗೆ ಸಿಕ್ಕೀತು ಎಂಬ ಭಯಕ್ಕೆ ಸರ್ಕಾರ 1907ರ ಹೊತ್ತಿಗೆ ಭಾರತಕ್ಕೂ ಸುಡಾನಿಗೂ .450 ರೈಫಲ್ಲು ಬರದಂತೆ ತಡೆಯಿತು. ಇಂಗ್ಲೆಂಡಿನ ಕೋವಿ ಕಂಪನಿಗಳು ಸುಮ್ಮನೆ ಕೂರಲಿಲ್ಲ; .465, .470, .475, .476 ಎಂದು ಕೂದಲೆಳೆಯಷ್ಟು ದಪ್ಪ ಹೆಚ್ಚಿಸಿ ಅದೇ ಸರಕನ್ನು ಬೇರೆ ಹೆಸರಿನಲ್ಲಿ ಕಳಿಸಿದವು. ಇಂದಿಗೂ ಜಗತ್ತಿನ ಆನೆ ರೈಫಲ್ಲುಗಳಲ್ಲಿ .470ಕ್ಕೆ ಇರುವ ಮರ್ಯಾದೆಗೆ ಅರ್ಧ ಕಾರಣ ಭಾರತದ ಒಂದು ಸುಂಕದ ಕಟ್ಟೆ. ಬೋರು ಎಷ್ಟಿರಬೇಕು ಎಂದು ಬೇಟೆಗಾರನಾಗಲಿ ಆನೆಯಾಗಲಿ ತೀರ್ಮಾನಿಸಲಿಲ್ಲ, ಗುಮಾಸ್ತ ತೀರ್ಮಾನಿಸಿದ.

ಉದ್ದದ ಲೆಕ್ಕಕ್ಕೆ ಬರೋಣ. ಇದಕ್ಕೆ ನನಗೆ ಸಿಕ್ಕಿರುವ ಅತ್ಯಂತ ಚೆಂದದ ಸಾಕ್ಷಿ ವಿಂಚೆಸ್ಟರ್ ಕಂಪನಿಯ ಇಬ್ಬರು ಮಕ್ಕಳು. 1956ರಲ್ಲಿ ಅವರು .458 ವಿಂಚೆಸ್ಟರ್ ಮ್ಯಾಗ್ನಮ್ ತಂದರು, ಬ್ರಿಟಿಷರ ದುಬಾರಿ ಜೋಡುನಳಿಗೆ ಮಾಡುತ್ತಿದ್ದ ಕೆಲಸವನ್ನು ಸಾಮಾನ್ಯ ರೈಫಲ್ಲಿನಲ್ಲೇ ಮಾಡುವುದಕ್ಕೆ. ಕೆಲವೇ ವರ್ಷಗಳಲ್ಲಿ ಅದೇ ಹಿತ್ತಾಳೆ ತೋಟಾದ ಕತ್ತನ್ನು ಹಿಸುಕಿ ಕಿರಿದು ಮಾಡಿ .264 ಎಂಬ ಸಣ್ಣ ಬೋರಿನದನ್ನು ತಂದರು. ಒಂದೇ ಗಡಿಗೆ, ಎರಡು ಮೂತಿ. .264ಕ್ಕೆ ಕಂಪನಿ 26 ಅಂಗುಲದ ನಳಿಗೆ ಕೊಟ್ಟಿತು. ಅದನ್ನು 22ಕ್ಕೆ ಇಳಿಸಿದವರು ದುಡ್ಡು ಕೊಟ್ಟು ಕೊಂಡ ವೇಗವನ್ನೆಲ್ಲ ಗಾಳಿಗೆ ಬಿಟ್ಟು ಬರೀ ಬೆಂಕಿಯನ್ನೂ ಸದ್ದನ್ನೂ ಉಳಿಸಿಕೊಂಡರು. .458ಕ್ಕೆ ಹಾಗಾಗುವುದಿಲ್ಲ. ಕಾರಣ ಸರಳ ಜ್ಯಾಮಿತಿ. ಬೋರಿನ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಒಳಗಿನ ಜಾಗ ಬೆಳೆಯುತ್ತದೆ. .458 ನಳಿಗೆಯ ಒಂದೊಂದು ಅಂಗುಲದಲ್ಲೂ .264ರದಕ್ಕಿಂತ ಮೂರು ಪಟ್ಟು ಜಾಗ. ಗುಂಡು ಒಂದು ಅಂಗುಲ ಮುಂದೆ ಸರಿದಂತೆ ಹಿಂದಿನ ಅನಿಲಕ್ಕೆ ಅಷ್ಟಷ್ಟು ಬಯಲು ಸಿಗುತ್ತದೆ, ಒತ್ತಡ ಬೇಗ ಇಳಿಯುತ್ತದೆ, ಮದ್ದಿನ ದುಡಿಮೆ ಬಹುಪಾಲು ಮೊದಲ ಒಂದೂವರೆ ಗೇಣಿನಲ್ಲೇ ಮುಗಿದಿರುತ್ತದೆ. ಅಲ್ಲಿಂದ ಮುಂದಿನ ಅಂಗುಲಗಳು ಸಂಜೆ ಹೊತ್ತಿನ ಕೂಲಿಯಾಳಿನಂತೆ: ಇದ್ದಾನೆ, ಕೈಯೂ ಆಡುತ್ತದೆ, ಕೆಲಸ ಮಾತ್ರ ಅಷ್ಟಕ್ಕಷ್ಟೆ. ಇಂಥ ರೈಫಲ್ಲಿನಲ್ಲಿ ನಳಿಗೆ ಒಂದು ಅಂಗುಲ ಗಿಡ್ಡವಾದರೆ ವೇಗದಲ್ಲಿ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ ಕಡಿಮೆಯಾದೀತು.

ಎರಡು ಅಂಗುಲ ಹೋಯಿತು ಎಂದಿಟ್ಟುಕೊಳ್ಳಿ. 2100 ಅಡಿಯ ವೇಗ 2050ಕ್ಕೆ ಬರುತ್ತದೆ. ಹೊಡೆತದ ಶಕ್ತಿಯಲ್ಲಿ ಶೇ. 5ರಷ್ಟು ನಷ್ಟ. ಅದು ಪ್ರಾಣಿಯ ಮೈಮೇಲೆ ಗೊತ್ತಾಗುವ ನಷ್ಟವಲ್ಲ, ಒಂದೇ ಪೆಟ್ಟಿಗೆಯ ಎರಡು ತೋಟಾಗಳ ನಡುವೆಯೇ ಒಂದಿಷ್ಟು ಏರುಪೇರು ಇರುತ್ತದೆ. ಗುಂಡಿನ ಇಳಿತವನ್ನು ನೋಡಿದರೆ ಇನ್ನೂ ನಗು ಬರುತ್ತದೆ. ನಲವತ್ತು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಸುಮಾರು 19 ಮಿಲಿಮೀಟರ್ ಇಳಿದಿದ್ದರೆ ಎರಡನೆಯದು 20. ಜಗಳ ಒಂದು ಮಿಲಿಮೀಟರಿನದು. ನಲವತ್ತು ಮೀಟರ್ ಎಂದು ಯಾಕೆ ಹಿಡಿದೆ ಎಂದರೆ, ನಮ್ಮ ಕಾಡು ಅದಕ್ಕಿಂತ ಹೆಚ್ಚು ತೋರಿಸುವುದು ಅಪರೂಪ. ರಾಮನಗರದ ಬಂಡೆಗಳಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರಿನಲ್ಲೇ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ಸುಮಾರು 250 ಕೋಟಿ ವರ್ಷದ ಕಲ್ಲು. ಬೆಟ್ಟದ ಮೇಲೆ ನಿಂತರೆ ಹತ್ತು ಮೈಲಿ ಕಾಣುತ್ತದೆ, ಬುಡಕ್ಕಿಳಿದರೆ ಹತ್ತು ಮಾರು ಕಾಣುವುದಿಲ್ಲ. ಬಂಡೆಯ ಸಂದು, ಲಂಟಾನದ ಪೊದೆ, ಕಾರೆಮುಳ್ಳು. ಸಾವನದುರ್ಗದ ತಪ್ಪಲೂ ಹಾಗೆಯೇ. ಕನಕಪುರ ದಾಟಿ ಸಂಗಮದ ಕಡೆಗೆ ಹೋದರೆ ಬಿದಿರು ಬೇರೆ ಸೇರಿಕೊಳ್ಳುತ್ತದೆ. ಕರಡಿಯಾಗಲಿ ಒಂಟಿ ಸಲಗವಾಗಲಿ ಇಲ್ಲಿ ಮನುಷ್ಯನಿಗೆ ಎದುರಾಗುವುದು ಮಾತಾಡಿಸುವಷ್ಟು ಹತ್ತಿರದಲ್ಲಿ. ದೊಡ್ಡ ಬೋರು ಹುಟ್ಟಿದ್ದೇ ಇಂಥ ದೂರಕ್ಕೆ. ಅದನ್ನು ಕೈಯಲ್ಲಿ ಹಿಡಿದು ದೂರದ ಮಾತಾಡುವವನು ಕುಡುಗೋಲಿನಿಂದ ತೆಂಗಿನಕಾಯಿ ಕೀಳುತ್ತೇನೆ ಎಂದಂತೆ.

ಇಲ್ಲಿ ತಿಳಿದವರೊಬ್ಬರು ಎದ್ದು ನಿಲ್ಲುತ್ತಾರೆ. ‘.458ರ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ. ವೇಗ ಕಡಿಮೆಯಾದದ್ದಕ್ಕೇ ಅಲ್ಲವೇ ಆಫ್ರಿಕಾದಲ್ಲಿ ಅದಕ್ಕೆ ಕೆಟ್ಟ ಹೆಸರು ಬಂದದ್ದು?’ ಕೆಟ್ಟ ಹೆಸರು ಬಂದದ್ದು ನಿಜ. ಜಾಹೀರಾತಿನಲ್ಲಿ 500 ಗ್ರೇನ್ ಗುಂಡಿಗೆ 2130 ಅಡಿ ಎಂದಿತ್ತು, ಜನರ ಕೈಯ ರೈಫಲ್ಲಿನಲ್ಲಿ ಅಷ್ಟು ಬರಲಿಲ್ಲ. ಆದರೆ ನಳಿಗೆಯ ಒಂದೆರಡು ಅಂಗುಲದಿಂದ ಆದ ನಷ್ಟ ಅದರಲ್ಲಿ ಸಣ್ಣದು. ಗಿಡ್ಡ ತೋಟಾದೊಳಗೆ ಮದ್ದನ್ನು ಒತ್ತಿ ತುಂಬಿದ್ದರು. ಬಿಸಿಲ ನಾಡಿನಲ್ಲಿ ಹಳತಾದ ತೋಟಾಗಳಲ್ಲಿ ಅದು ಗಂಟುಕಟ್ಟಿ, ಸರಿಯಾಗಿ ಉರಿಯದೆ, ಗುಂಡು ಹೋಗಬೇಕಾದಷ್ಟು ಆಳಕ್ಕೆ ಹೋಗದೆ ಆದ ಅನಾಹುತಗಳ ಮಾತೇ ಹೆಚ್ಚು. ಪರಿಹಾರವೂ ಉದ್ದ ನಳಿಗೆಯ ರೂಪದಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಜ್ಯಾಕ್ ಲಾಟ್ ಎಂಬಾತ 1971ರಲ್ಲಿ ತೋಟಾವನ್ನೇ ಉದ್ದ ಮಾಡಿ, ಮದ್ದಿಗೆ ಉಸಿರಾಡುವ ಜಾಗ ಕೊಟ್ಟ. ವೇಗ ಸಾಲದಿದ್ದರೆ ತೋಟಾ ಬದಲಿಸಬೇಕು, ನಳಿಗೆ ಎಳೆಯಬಾರದು. ಹಳೆಯ ಬ್ರಿಟಿಷ್ ಕೋಷ್ಟಕಗಳ ಅಂಕಿಗಳೂ ಪ್ರಯೋಗಶಾಲೆಯ ಉದ್ದುದ್ದ ನಳಿಗೆಗಳಲ್ಲಿ ಅಳೆದವು. ಕಾಡಿಗೆ ಹೋದ ರೈಫಲ್ಲುಗಳು ಅದಕ್ಕಿಂತ ಗಿಡ್ಡ ಇದ್ದವು, ಅವುಗಳ ಕೀರ್ತಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಮೈಕಟ್ಟಿನ ವಿಷಯ ನನಗೆ ಉದ್ದಕ್ಕಿಂತ ರುಚಿಯಾದದ್ದು. ಅದನ್ನು ಅರ್ಥಮಾಡಿಕೊಳ್ಳಲು ಚನ್ನಪಟ್ಟಣಕ್ಕಿಂತ ಒಳ್ಳೆಯ ಜಾಗ ಇಲ್ಲ. ರೈಫಲ್ಲಿನ ನಳಿಗೆ ಎಂಬುದು ಕೊನೆಗೂ ಕಡೆದ ವಸ್ತು. ನಡುವೆ ತೂತು ಕೊರೆದ ಉಕ್ಕಿನ ದಂಡವನ್ನು ಲೇತಿಗೆ ಕಟ್ಟಿ, ಬುಡದಲ್ಲಿ ದಪ್ಪ ಬಿಟ್ಟು, ಬಾಯಿಯ ಕಡೆಗೆ ಸಣ್ಣಗೆ ಇಳಿಸುತ್ತ ಹೊರಮೈ ತೆಗೆಯುತ್ತಾರೆ. ಆಲೆ ಮರದ ತುಂಡಿಗೆ ಉಳಿ ಹಿಡಿದು, ಬಣ್ಣದ ಅರಗು ಒತ್ತಿ, ಗರಿಯಿಂದ ತಿಕ್ಕಿ ಹೊಳಪು ಬರಿಸುವ ಚನ್ನಪಟ್ಟಣದ ಕುಶಲಕರ್ಮಿಗೂ ಬರ್ಮಿಂಗ್‌ಹ್ಯಾಮಿನ ನಳಿಗೆ ಕಡೆಯುವವನಿಗೂ ಎದುರಾಗುವ ಸಮಸ್ಯೆ ಒಂದೇ. ಗಿಡ್ಡ ತುಂಡು ಉಳಿಗೆ ಜಗ್ಗುವುದಿಲ್ಲ, ಉದ್ದನೆಯ ಸಣ್ಣ ಕಡ್ಡಿ ನಡುವೆ ಬಳುಕಿ ಅದಿರುತ್ತದೆ, ಮೈಮೇಲೆ ಅಲೆ ಅಲೆ ಗೆರೆ ಬೀಳುತ್ತದೆ. ಒಂದು ತುದಿ ಹಿಡಿದ ದಂಡದ ಬಳುಕು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ದಪ್ಪದ ನಳಿಗೆ 24ರಿಂದ 26 ಅಂಗುಲಕ್ಕೆ ಬೆಳೆದರೆ ಬಳುಕು ಕಾಲುಭಾಗಕ್ಕೂ ಮಿಕ್ಕಿ ಹೆಚ್ಚುತ್ತದೆ. ದಪ್ಪದ ವಿಷಯದಲ್ಲಿ ಏಟು ಇನ್ನೂ ದೊಡ್ಡದು, ಅಲ್ಲಿ ಲೆಕ್ಕ ನಾಲ್ಕನೆಯ ಘಾತದ್ದು. ಹೊರಮೈಯ ಉಕ್ಕೇ ಬಿಗಿ ಕೊಡುವುದು, ಒಳಗಿನ ಉಕ್ಕು ಬರೀ ತೂಕ.

ಇದರಿಂದ ದೊಡ್ಡ ಬೋರಿಗೆ ಒಂದು ವಿಚಿತ್ರ ಲಾಭ ಸಿಗುತ್ತದೆ, ಇದನ್ನು ರೈಫಲ್ಲಿನ ಬಗ್ಗೆ ಮಾತಾಡುವವರು ಸಾಕಷ್ಟು ಹೇಳುವುದಿಲ್ಲ. ಬಾಯಿಯ ಬಳಿ ಹೊರಗಿನ ಅಡ್ಡಳತೆ 0.70 ಅಂಗುಲ ಇರುವ ಎರಡು ನಳಿಗೆ ತೆಗೆದುಕೊಳ್ಳಿ, ಒಂದರ ತೂತು .308, ಇನ್ನೊಂದರದು .458. ಮೊದಲಿನದು ಆ ಜಾಗದಲ್ಲಿ ಅಂಗುಲಕ್ಕೆ ಸುಮಾರು 40 ಗ್ರಾಂ ತೂಗುತ್ತದೆ, ಎರಡನೆಯದು 28. ಶೇ. 30ರಷ್ಟು ತೂಕ ಇಳಿಯಿತು. ಬಿಗಿಯಲ್ಲಿ ಇಳಿದದ್ದು ಶೇ. 15 ಮಾತ್ರ. ಬಿದಿರು ಬಲ್ಲವರಿಗೆ ಇದು ಹೊಸ ಮಾತಲ್ಲ. ಈಗ ಆ 12 ಗ್ರಾಂ ಉಕ್ಕನ್ನು ವಾಪಸ್ಸು ಕೊಟ್ಟು ಹೊರಮೈಗೆ ಹಚ್ಚಿದರೆ ನಳಿಗೆ 0.78 ಅಂಗುಲ ದಪ್ಪವಾಗುತ್ತದೆ, ಸಣ್ಣ ಬೋರಿನದಷ್ಟೇ ತೂಗುತ್ತದೆ, ಅದಕ್ಕಿಂತ ಐದರಲ್ಲಿ ಎರಡು ಪಾಲಿನಷ್ಟು ಹೆಚ್ಚು ಬಿಗಿಯಾಗಿರುತ್ತದೆ. ದೊಡ್ಡ ಬೋರಿನ ನಳಿಗೆ ನೋಡುವುದಕ್ಕೆ ಒರಟು, ದಪ್ಪ ಎಂದು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಣ್ಣಿಗೆ ಕಾಣುವ ದಪ್ಪದಲ್ಲಿ ಬಹುಪಾಲು ಗಾಳಿ. ಸಣ್ಣ ಬೋರಿಗೆ ಚಂದ ಕಾಣುವ ಸಪೂರ ಮೈಕಟ್ಟನ್ನೇ ದೊಡ್ಡ ತೂತಿಗೂ ಕೊಟ್ಟರೆ ಬಾಯಿಯ ಬಳಿ ಗೋಡೆ ಮೂರೇ ಮಿಲಿಮೀಟರ್ ಉಳಿಯುತ್ತದೆ. ಅಲ್ಲಿ ಒತ್ತಡ ಇಳಿದಿರುವುದರಿಂದ ಅದು ಒಡೆಯುವುದಿಲ್ಲ. ಆದರೆ ಬಂಡೆಗೆ ತಗುಲಿದರೆ ನೆಗ್ಗುತ್ತದೆ, ಮುಂದಿನ ಗುರಿಮೊನೆಯನ್ನು ಕೂರಿಸಲು ಮೈ ಸಾಲುವುದಿಲ್ಲ, ಮತ್ತು ರೈಫಲ್ಲಿನ ಮೂತಿ ಗಾಳಿಪಟದಂತೆ ಎತ್ತರಕ್ಕೇಳುತ್ತದೆ.

ಬಿಗಿಯ ಮಾತು ಬಂದಾಗ ನಿಖರತೆಯ ಮಾತೂ ಬರುತ್ತದೆ, ಅಲ್ಲೊಂದು ದಾರಿ ತಪ್ಪುವ ತಿರುವು ಇದೆ. ಚನ್ನಪಟ್ಟಣ ಬೊಂಬೆಯ ಊರಾಗಿ ಹೆಸರಾಗುವ ಮೊದಲು ತಂತಿಯ ಊರಾಗಿತ್ತು. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರದ ಸೀಮೆಗಳಲ್ಲೂ ಹೆಸರುವಾಸಿ ಎಂದು ಬರೆದುಕೊಂಡ; ಮಾಗಡಿಯ ಕಡೆ ಕಬ್ಬಿಣ ಕರಗಿಸುವುದನ್ನೂ ನೋಡಿದ. ವೀಣೆಗೆ ತಂತಿ ಕಟ್ಟುವವರಿಗೆ ಉದ್ದ, ದಪ್ಪ, ನಾದ ಮೂರರ ನಂಟು ಹೇಳಿಕೊಡಬೇಕಾಗಿಲ್ಲ. ಗುಂಡು ಹಾರುವ ಗಳಿಗೆಯಲ್ಲಿ ನಳಿಗೆಯೂ ಹಾಗೆಯೇ ಮಿಡಿಯುತ್ತದೆ, ಬಾಯಿ ಒಂದು ಕೂದಲೆಳೆಯಷ್ಟು ಅತ್ತಿತ್ತ ಆಡುತ್ತದೆ, ಗಿಡ್ಡ ದಪ್ಪ ನಳಿಗೆಯಲ್ಲಿ ಆ ಆಟ ಕಡಿಮೆ. ಸ್ಪರ್ಧೆಯಲ್ಲಿ 300 ಮೀಟರ್ ದೂರದ ಕಾಗದಕ್ಕೆ ಹೊಡೆಯುವವರು ಕಬ್ಬಿನ ಜಲ್ಲೆಯಂಥ ದಪ್ಪ ನಳಿಗೆ ಇಡುವುದು ಅದಕ್ಕೇ. ಆದರೆ ಮೂವತ್ತು ನಲವತ್ತು ಮೀಟರಿನ ಕೆಲಸಕ್ಕೆ ಆ ಕೂದಲೆಳೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ದೊಡ್ಡ ಬೋರಿಗೆ ದಪ್ಪ ನಳಿಗೆ ಬೇಕು ಎಂದು ನಾನು ಹೇಳುವಾಗ ಕಾರಣ ನಿಖರತೆಯಲ್ಲ. ಕಾರಣ ಒದೆತ.

ಒದೆತದ ಲೆಕ್ಕ ಕರುಣೆಯಿಲ್ಲದ್ದು. ಗುಂಡು, ಮದ್ದು, ವೇಗ ಬದಲಾಗದಿದ್ದರೆ ಹೆಗಲಿಗೆ ಬರುವ ಶಕ್ತಿ ರೈಫಲ್ಲಿನ ತೂಕಕ್ಕೆ ವಿಲೋಮ. ನಾಲ್ಕು ಕಿಲೋ ಇದ್ದದ್ದು ಐದು ಕಿಲೋ ಆದರೆ ಒದೆತದ ಐದನೆಯ ಒಂದು ಪಾಲು ಕಡಿಮೆಯಾಗುತ್ತದೆ, ಕೂದಲು ಸೀಳಿದಂತೆ. .458ರಂಥದ್ದಕ್ಕೆ ನಾಲ್ಕು ಕಿಲೋ ಸಾಲದು, ನಾಲ್ಕೂವರೆಯಿಂದ ಐದು ಬೇಕೇ ಬೇಕು. ಮನುಷ್ಯ ಒದೆತಕ್ಕೆ ಹೆದರಿದರೆ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ. ಗಾಯಗೊಂಡ ಪ್ರಾಣಿಗಳ ಕತೆ ಅಲ್ಲಿಂದ ಶುರು. ಸರಿ, ತೂಕ ಬೇಕು ಎಂದರೆ ಹಿಂಬದಿಯ ಮರದೊಳಗೆ ಸೀಸ ತುಂಬಿದರೆ ಆಗದೇ ಎಂಬ ಪ್ರಶ್ನೆ ಸಹಜ. ಅಗ್ಗದ ದಾರಿ, ಎಷ್ಟೋ ಜನ ಹಾಗೇ ಮಾಡುತ್ತಾರೆ. ಒದೆತ ಕಡಿಮೆಯಾಗುತ್ತದೆ, ಮೂತಿ ಮಾತ್ರ ಇನ್ನಷ್ಟು ಹಗುರವಾದಂತಾಗಿ ಏಟಿಗೊಮ್ಮೆ ಆಕಾಶ ನೋಡುತ್ತದೆ, ಎರಡನೆಯ ಈಡಿಗೆ ಅದನ್ನು ಕೆಳಗೆ ಎಳೆದು ತರುವಷ್ಟರಲ್ಲಿ ಸಮಯ ಮೀರಿರುತ್ತದೆ. ಓಡಿ ಬಂದವನ ಕೈಯಲ್ಲಿ ಹಗುರ ಮೂತಿ ನಡುಗುತ್ತದೆ ಕೂಡ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಹಾಕಿ ಸರಿತೂಕ ಎಂದರೆ ಆದೀತೇ? ಸ್ವಲ್ಪ ತೂಕ ಮುಂದೆ ಇರಬೇಕು, ಆದರೆ ತೀರ ತುದಿಯಲ್ಲಿ ಬೇಡ. ಕೈಯಿಂದ ಮೂರು ಪಟ್ಟು ದೂರದಲ್ಲಿರುವ ತೂಕ ತಿರುಗಿಸುವಾಗ ಒಂಬತ್ತು ಪಟ್ಟು ಜಡ. ಮೊದಲು ಹೇಳಿದ ಆ ಕೊನೆಯ ಎರಡು ಅಂಗುಲ ತೂಗುವುದು ಐವತ್ತೇಳು ಗ್ರಾಂ ಇರಬಹುದು, ಒಂದು ಕೋಳಿಮೊಟ್ಟೆಯಷ್ಟು. ಅದನ್ನು ತುದಿಯಿಂದ ತೆಗೆದು ಎಡಗೈ ಹಿಡಿಯುವ ಜಾಗದ ಆಸುಪಾಸಿನಲ್ಲಿ ದಪ್ಪವಾಗಿ ಬಿಟ್ಟರೆ ಒಟ್ಟು ತೂಕ ಅಷ್ಟೇ, ಒದೆತವೂ ಅಷ್ಟೇ, ರೈಫಲ್ಲು ಮಾತ್ರ ಬೇರೆಯದೇ ಆಗುತ್ತದೆ. ಗಿಡ್ಡ ನಳಿಗೆ, ದಪ್ಪ ಮೈ ಎಂದು ನಾನು ಎರಡನ್ನೂ ಒಟ್ಟಿಗೆ ಹೇಳುವುದು ಅದಕ್ಕೆ. ಒಂದನ್ನೇ ತೆಗೆದುಕೊಂಡರೆ ತಕ್ಕಡಿ ವಾಲುತ್ತದೆ.

ಒಂದು ಸಣ್ಣ ವಿವರ. ಇಂಥ ರೈಫಲ್ಲುಗಳಲ್ಲಿ ಹೆಗಲಪಟ್ಟಿಯ ಮುಂದಿನ ಬಳೆಯನ್ನು ಮರಕ್ಕೆ ಹಾಕದೆ ನಳಿಗೆಗೇ ಬೆಸೆದಿರುತ್ತಾರೆ, ಕೈಗಿಂತ ಮುಂದೆ. ಮರದಲ್ಲಿದ್ದರೆ ಒದೆತಕ್ಕೆ ಹಿಂದೆ ಬಂದು ಎಡಗೈ ಬೆರಳನ್ನು ಸೀಳುತ್ತದೆ. ಸಪೂರ ನಳಿಗೆಗೆ ಆ ಬಳೆ ಬೆಸೆಯುವುದೂ ಕಷ್ಟ. ದಪ್ಪ ಮೈಯ ಪರವಾಗಿ ಇದನ್ನೂ ಜಮೆಗೆ ಹಾಕಿಕೊಳ್ಳಬಹುದು.

ಜೋಡುನಳಿಗೆಯವರ ವಾದ ಬೇರೆ. ಅವರ ಹಳೆಯ ಇಂಗ್ಲಿಷ್ ರೈಫಲ್ಲುಗಳು ಸಾಮಾನ್ಯವಾಗಿ 24ರಿಂದ 26 ಅಂಗುಲ, ಕೆಲವು 28. ‘ಅವರಿಗೇನು ಬುದ್ಧಿ ಇರಲಿಲ್ಲವೇ?’ ಇತ್ತು. ಜೋಡುನಳಿಗೆ ನಡುವೆ ಮುರಿದು ತೋಟಾ ತುಂಬುವ ಆಯುಧ. ಬೋಲ್ಟು ಓಡಾಡುವ ಉದ್ದನೆಯ ಉಕ್ಕಿನ ಮನೆ ಅದಕ್ಕಿಲ್ಲ, ಅಲ್ಲೇ ಮೂರು ನಾಲ್ಕು ಅಂಗುಲ ಉಳಿಯುತ್ತದೆ. ಅದರ 26, ಬೋಲ್ಟು ರೈಫಲ್ಲಿನ 22ಕ್ಕೆ ಸಮ. ಮೂತಿಯಿಂದ ಹಿಡಿತನಕ ಅಳೆದು ನೋಡಿದರೆ ಜೋಡುನಳಿಗೆಯವರು ನನ್ನ ಕಡೆಗೇ ಸಾಕ್ಷಿ ಹೇಳುತ್ತಿದ್ದಾರೆ. ಅವುಗಳ ಎರಡೂ ನಳಿಗೆ ಒಂದೇ ಜಾಗಕ್ಕೆ ಹೊಡೆಯುವಂತೆ ಬಾಯಿಯ ಬಳಿ ಇಷ್ಟಿಷ್ಟೇ ಬಾಗಿಸಿ ಬೆಸೆದಿರುತ್ತಾರೆ, ಮೊಟಕು ಮಾಡಿದರೆ ಆ ಹೊಂದಾಣಿಕೆ ಹಾಳು. ಆಂಡರ್ಸನ್‌ನ ಮಾದರಿಯ .405 ರೈಫಲ್ಲು ಕಾರ್ಖಾನೆಯಿಂದ 24 ಅಂಗುಲದ ನಳಿಗೆಯೊಂದಿಗೆ ಬರುತ್ತಿತ್ತು. 300 ಗ್ರೇನ್ ಗುಂಡು, 2200 ಅಡಿ. 1909ರಲ್ಲಿ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೊತ್ತದ್ದೂ ಅದೇ ಮಾದರಿಯನ್ನು. ಚಿರತೆಗೆ ಅದು ಹೆಚ್ಚಾಯಿತು, ಆನೆಗೆ ಕಡಿಮೆಯಾಯಿತು ಎನ್ನಬಹುದು. ಮಾಗಡಿಯ ಬಂಡೆಯ ಸಂದಿಗೆ ಮಾತ್ರ ಅದರ ಅಳತೆ ತಪ್ಪಲ್ಲ.

ಗಿಡ್ಡ ನಳಿಗೆಯ ವಿರುದ್ಧ ಉತ್ತರ ಕೊಡಲು ನಿಜಕ್ಕೂ ಕಷ್ಟವಾಗುವ ಆಕ್ಷೇಪ ಒಂದೇ, ಸದ್ದು. ರೈಫಲ್ಲಿನ ಸದ್ದು ಹೇಗೂ 160 ಡೆಸಿಬೆಲ್ ಆಸುಪಾಸಿನದು. 140 ದಾಟಿದ ಸಿಡಿತ ಕಿವಿಗೆ ಕೇಡು. ನಳಿಗೆ ಗಿಡ್ಡವಾದಷ್ಟೂ ಸಿಡಿತ ಮುಖಕ್ಕೆ ಹತ್ತಿರ. ‘ಶೋಲೆ’ಯನ್ನು ರಾಮನಗರದ ಬಂಡೆಗಳ ನಡುವೆ ತೆಗೆದದ್ದರಿಂದ ಅಲ್ಲಿನ ಢಮಾರುಗಳು ನಮ್ಮ ಕಿವಿಯಲ್ಲಿ ರಮ್ಯವಾಗಿ ಕೂತುಬಿಟ್ಟಿವೆ. ಗಬ್ಬರ್‌ನ ಜೊತೆಗಾರರು ಕಿವುಡರಾದ ಮಾತನ್ನು ಸಿನಿಮಾ ಹೇಳುವುದಿಲ್ಲ. 18, 20 ಅಂಗುಲದ ನಳಿಗೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ಅಷ್ಟಕ್ಕಿಳಿದರೆ ಮುಂದಿನ ಆಸರೆಯ ತೂಕವೂ ಹೋಗುತ್ತದೆ. ಒದೆತ ತಗ್ಗಿಸಲೆಂದು ಬಾಯಿಗೆ ತೂತುಗಳ ಬ್ರೇಕು ಹಾಕಿಸುವವರು ಇನ್ನೂ ಕೆಟ್ಟ ಕೆಲಸ ಮಾಡುತ್ತಾರೆ. ಹೆಗಲು ಉಳಿಸಲು ಹೋಗಿ ಕಿವಿ ಕಳೆದುಕೊಳ್ಳುತ್ತಾರೆ, ಅದೂ ಪಕ್ಕದಲ್ಲಿ ನಿಂತವನದ್ದನ್ನೂ ಸೇರಿಸಿ. ಆದ್ದರಿಂದ ನನ್ನ ತೀರ್ಮಾನ ಬೋಲ್ಟು ರೈಫಲ್ಲಿಗೆ 22ರಿಂದ 24 ಅಂಗುಲದ ನಡುವೆ ನಿಲ್ಲುತ್ತದೆ. 23 ಎಂದು ಹೇಳಿಬಿಡುತ್ತೇನೆ, ಜಗಳವಾಡುವವರು ಒಂದಂಗುಲ ಆಚೀಚೆ ಎಳೆದುಕೊಳ್ಳಲಿ. ಬುಡದಲ್ಲಿ ಒಂದೂಕಾಲು ಅಂಗುಲದ ಸುತ್ತಮುತ್ತ, ಬಾಯಿಯಲ್ಲಿ 0.75. ನಡುವಿನ ಇಳಿತ ಥಟ್ಟನೆ ಸಪೂರವಾಗದೆ ಎಡಗೈಯ ಜಾಗದವರೆಗೂ ಮೈ ಉಳಿಸಿಕೊಂಡು ಬರಲಿ.

ನಮ್ಮಲ್ಲಿ ಇದೆಲ್ಲ ಬಹುಮಟ್ಟಿಗೆ ಕಾಗದದ ಆಯ್ಕೆ ಎಂಬುದೂ ನಿಜ. 1959ರ ಆಯುಧ ಕಾಯ್ದೆಯ 6ನೇ ಕಲಮು ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದನ್ನೇ ಅಪರಾಧ ಎನ್ನುತ್ತದೆ. ಬಟ್ಟೆಯೊಳಗೆ ಅಡಗಿಸುವ ಮೊಟಕು ಕೋವಿಗಳನ್ನು ನೆನೆದರೆ ಆ ಕಲಮಿನ ಮೇಲೆ ಕೋಪ ಬರುವುದಿಲ್ಲ. ವಿದೇಶದಿಂದ ತರಿಸುವ ದಾರಿ ಕಳೆದ ಶತಮಾನದ ಎಂಬತ್ತರ ದಶಕದಿಂದಲೇ ಕಟ್ಟಿದೆ. ಇರುವುದು ಅಜ್ಜಂದಿರ ಕಾಲದ ಒಂದಷ್ಟು ರೈಫಲ್ಲು, ಲೈಸೆನ್ಸು ನವೀಕರಿಸುತ್ತ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತ ಉಳಿಸಿಕೊಂಡವು. ಕನಕಪುರ, ಚನ್ನಪಟ್ಟಣದ ರಾಗಿ ಹೊಲಕ್ಕೆ ರಾತ್ರಿ ಇಳಿಯುವ ಆನೆಗೆ ಈಗ ಎದುರಾಗುವುದು ಪಟಾಕಿ ಮತ್ತು ಟಾರ್ಚು, ದೊಡ್ಡ ಬೋರಲ್ಲ. ಹಾಗಿದ್ದ ಮೇಲೆ ಉದ್ದನೆಯ ನಳಿಗೆಯೇ ನೋಡಲು ಚಂದ ಎಂದು ಹಟ ಹಿಡಿಯುವವರ ಜೊತೆ ನಾನು ಹೆಚ್ಚು ಹೊತ್ತು ವಾದಿಸುವುದಿಲ್ಲ. ನಡುಮನೆಯ ಗೋಡೆಗೆ ಅಡ್ಡಲಾಗಿ ತೂಗುಹಾಕುವುದಾದರೆ 28 ಅಂಗುಲವೇ ಇರಲಿ. ಅಲ್ಲಿ ಒದೆತವೂ ಇಲ್ಲ, ಲಂಟಾನದ ಮುಳ್ಳೂ ಇಲ್ಲ, ಮೊಳೆ ಗಟ್ಟಿ ಇದ್ದರಾಯಿತು.